ಐಸಿಯುನಿಂದ ಮನೆಗೆ ಬಂದ ಮೇಲಿನ ಆರು ವಾರ: ಕಾಲು, ಉಸಿರು, ಊಟ, ನಿದ್ದೆ

ಕತ್ರಿಗುಪ್ಪೆ_ಎರಡನೇಮಹಡಿ
ತೀವ್ರ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದು ಮನೆಗೆ ಬರುವವರ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಒಂದು ಪುಟ ಇರುತ್ತದೆ. ಕೆಳಗೆ ‘ರೆಸ್ಟ್, ಬ್ರೀದಿಂಗ್ ಎಕ್ಸರ್‌ಸೈಜ್, ಹೈ ಪ್ರೋಟೀನ್ ಡಯಟ್’ ಅಂತ ಒಂದೇ ಸಾಲು. ಆ ಸಾಲನ್ನು ಬಿಡಿಸಿ ಹೇಳುವವರು ಬೇಕಾಗಿದ್ದಾರೆ. ವಯಸ್ಸು 60ರ ಆಸುಪಾಸು, ತೂಕ 60 ಕೆಜಿ, ಕೂತಾಗ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಪ್ರಮಾಣ) 95, ಬಾತ್‌ರೂಮಿಗೆ ಹೋಗಿ ಬಂದರೆ 89. ಲಿಫ್ಟ್ ಇಲ್ಲದ ಮನೆ, ರಾತ್ರಿ ನಿದ್ದೆ ಇಲ್ಲ. ಇಂಥವರಿಗೆ ಏನು ಮಾಡಿಸಬೇಕು, ಏನು ಬೇಡ? ಬಲೂನು, ಹಬೆ, ಕಪಾಲಭಾತಿ ಮೂರೂ ವಾಟ್ಸಾಪಿನಲ್ಲಿ ಈಗಾಗಲೇ ಬಂದಾಗಿದೆ.

ಬನಶಂಕರಿ_ಫಿಸಿಯೋ
ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ 6 ಪಾಯಿಂಟ್ ಇಳಿಯುತ್ತೆ ಅಂದರೆ ವ್ಯಾಯಾಮಕ್ಕೆ ಮುಂಚೆ ಡಾಕ್ಟರಿಗೆ ಹೇಳಬೇಕು. ನಡೆದಾಗ 4 ಅಥವಾ ಅದಕ್ಕಿಂತ ಹೆಚ್ಚು ಇಳಿದರೂ ಗಮನಿಸಬೇಕಾದ್ದೇ. ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿ, ಓಡಾಡುವಾಗ ಮಾತ್ರ ಆಕ್ಸಿಜನ್ ಬೇಕಾ ಅಂತ ಅವರು ತೀರ್ಮಾನಿಸುತ್ತಾರೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಅನ್ನೋದೂ ಖಾತ್ರಿಯಾಗಬೇಕು.

ಇನ್ನು ಮನೆಯವರೆಲ್ಲ ಶ್ವಾಸಕೋಶದ ಹಿಂದೆ ಬೀಳ್ತಾರೆ, ಕಾಲನ್ನು ಮರೀತಾರೆ. ತೀವ್ರ ಕಾಯಿಲೆಯಲ್ಲಿ ಮೊದಲ ಹತ್ತು ದಿನದಲ್ಲೇ ತೊಡೆಯ ಮುಂಭಾಗದ ಸ್ನಾಯು ಸುಮಾರು ಆರರಲ್ಲೊಂದು ಪಾಲು ಕರಗಬಹುದು. ಹಲವು ಅಂಗ ಒಟ್ಟಿಗೆ ಸೋತಿದ್ದರೆ ಇನ್ನೂ ಹೆಚ್ಚು. ಸೊರಗಿದ ಸ್ನಾಯು ಸ್ವಲ್ಪ ಕೆಲಸಕ್ಕೇ ಆಮ್ಲ ಕಟ್ಟಿಕೊಳ್ಳುತ್ತೆ, ಅದನ್ನು ಸರಿದೂಗಿಸೋಕೆ ಉಸಿರು ಜೋರಾಗುತ್ತೆ. ಎಕ್ಸ್‌ರೇ ತಿಳಿಯಾದ ಮೇಲೂ ಏದುಸಿರು ಬರೋದಕ್ಕೆ ಎಷ್ಟೋ ಸಲ ಇದೇ ಕಾರಣ. ಹಾಗಾಗಿ ಮೊದಲ ವ್ಯಾಯಾಮ ಕುರ್ಚಿಯಿಂದ ಏಳುವುದು, ಕೂರುವುದು.

ಕುರ್ಚಿಯ ಎತ್ತರ ಸುಮಾರು 45 ಸೆಂ.ಮೀ. ಇರಲಿ, ಹಿಂಭಾಗ ಗೋಡೆಗೆ ತಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಮೊಸಾಯಿಕ್ ನೆಲದಲ್ಲಿ ಜಾರುತ್ತೆ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳಿನ ಮೇಲೆ ಬರೋ ಹಾಗೆ ಬಾಗಿ, ಉಸಿರು ಬಿಡುತ್ತಾ ಏಳಬೇಕು. ಕೂರುವಾಗ ಧೊಪ್ಪನೆ ಬೀಳಬಾರದು, ಮೂರು ಎಣಿಸುತ್ತಾ ಇಳೀಬೇಕು. ಸ್ನಾಯು ಬೆಳೆಯೋದಕ್ಕೆ ಈ ಇಳಿಯೋ ಭಾಗ ಏಳೋದರಷ್ಟೇ ಮುಖ್ಯ. ಸತತ 5 ಸಲ ಆಗದಿದ್ದರೆ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. 5 ಸಲದ ಎರಡು ಸುತ್ತಿನಿಂದ ಶುರು ಮಾಡಿ, 10 ಸಲದ ಮೂರು ಸುತ್ತಿಗೆ ಬಂದಾಗ ದಿಂಬು ತೆಗೀರಿ. ಜೊತೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಗೋಡೆಗೆ ಕೈಯಿಟ್ಟು ತಳ್ಳೋದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮೊಣಕೈ ಮಡಚೋದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ನಡಿಗೆ ಮಾತ್ರ ದಿನಾ. ಎರಡು ನಿಮಿಷ ನಡೆದು ಒಂದೆರಡು ನಿಮಿಷ ಕೂರಬೇಕು, ಹೀಗೆ ಐದು ಸಲ. ಹಾಲ್‌ನಿಂದ ಅಡುಗೆಮನೆಗೆ ಓಡಾಡಿದರೂ ಸಾಕು. ಉಸಿರಿನ ಕಷ್ಟಕ್ಕೆ 0ಯಿಂದ 10ರವರೆಗೆ ಅಂಕ ಕೊಟ್ಟುಕೊಳ್ಳಲಿ, 3-4ರಲ್ಲಿ ಇರಬೇಕು. ಒಂದು ಪೂರ್ತಿ ವಾಕ್ಯ ಹೇಳೋಕೆ ಆಗ್ತಿಲ್ಲ ಅಂದರೆ ಮಿತಿ ದಾಟಿದೆ. ಸ್ಯಾಚುರೇಶನ್ 88ಕ್ಕಿಂತ ಕೆಳಗಿಳಿದರೆ, ಎದೆ ನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೆ ನಿಲ್ಲಿಸಿ.

ರಾಜಾಜಿನಗರ_ಸಿಸ್ಟರ್
ಆಕ್ಸಿಮೀಟರ್ ಬಗ್ಗೆ ಎರಡು ಮಾತು. ತಣ್ಣಗಿರೋ ಬೆರಳಿಗೆ ಹಾಕಿದರೆ ತಪ್ಪು ತೋರಿಸುತ್ತೆ, ಕೈ ಉಜ್ಜಿ ಬೆಚ್ಚಗೆ ಮಾಡಿ. ಉಗುರುಬಣ್ಣ ಇದ್ದರೆ ತೆಗೀರಿ, ಗೋರಂಟಿ ಇದ್ದರೆ ಬೇರೆ ಬೆರಳು ನೋಡಿ. ಹಾಕಿದ ತಕ್ಷಣ ಬರೋ ಅಂಕಿ ಬರೀಬೇಡಿ, ಅರ್ಧ ನಿಮಿಷದಿಂದ ಒಂದು ನಿಮಿಷ ಕಾದು ಅಂಕಿ ನಿಂತ ಮೇಲೆ ಬರೀರಿ. ಅದು ತೋರಿಸೋ ನಾಡಿಯನ್ನೂ ಮಣಿಕಟ್ಟು ಹಿಡಿದು ಎಣಿಸಿದ ನಾಡಿಯನ್ನೂ ಹೋಲಿಸಿ. ಎರಡಕ್ಕೂ ತಾಳೆ ಇಲ್ಲ ಅಂದರೆ ಸ್ಯಾಚುರೇಶನ್ ಅಂಕಿಯನ್ನೂ ನಂಬಬೇಡಿ. ಚರ್ಮ ಕಪ್ಪಗಿದ್ದಷ್ಟೂ ಈ ಯಂತ್ರ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸೋ ಸಾಧ್ಯತೆ ಇದೆ. ನಮ್ಮ ಜನಕ್ಕೆ ಇದು ಮುಖ್ಯ, 91 ಅಂತ ತೋರಿಸಿದಾಗ 90 ದಾಟಿದೆಯಲ್ಲ ಅಂತ ಸುಮ್ಮನಿರಬೇಡಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಗಾಳಿಯ ಒತ್ತಡ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಆರೋಗ್ಯವಂತರಿಗೆ ಏನೂ ಅನ್ನಿಸಲ್ಲ, ಆದರೆ ಗಡಿಯಲ್ಲಿರೋ ಶ್ವಾಸಕೋಶಕ್ಕೆ ಒಂದೆರಡು ಪಾಯಿಂಟಿನ ವ್ಯತ್ಯಾಸ ಆಗಬಹುದು. ಮಂಗಳೂರಿನಲ್ಲಿ ಡಿಸ್ಚಾರ್ಜ್ ಆಗಿ ಇಲ್ಲಿಗೆ ಬಂದವರು ಅಂಕಿ ಇಳೀತು ಅಂತ ಗಾಬರಿಯಾಗೋದು ಇದಕ್ಕೇ.

ಹಳೇ ಸಿಓಪಿಡಿ (ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಕಾಡೋ ಕಾಯಿಲೆ) ಇದ್ದವರಿಗೆ ಡಾಕ್ಟರು 88ರಿಂದ 92 ಅಂತ ಗುರಿ ಕೊಟ್ಟಿರಬಹುದು. ಅವರಿಗೆ 97 ಮಾಡ್ತೀನಿ ಅಂತ ಆಕ್ಸಿಜನ್ ಏರಿಸಿದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಕೂಡಿಕೊಂಡು ಮಂಪರು ಬರುತ್ತೆ.

ಮಲ್ಲೇಶ್ವರ_ಯೋಗ
ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಈಗ ಖಂಡಿತ ಬೇಡ. ಉಸಿರು ಹಿಡಿಯುವ ಕುಂಭಕವೂ ಬೇಡ. ಆದರೆ ಪ್ರಾಣಾಯಾಮವನ್ನೇ ಪೂರ್ತಿ ಕೈಬಿಡಬೇಕಿಲ್ಲ. ಕುಂಭಕವಿಲ್ಲದ ಅನುಲೋಮ ವಿಲೋಮ, ಬೆನ್ನಿಗೆ ಆಸರೆ ಇಟ್ಟು ಕೂತು ಐದು ನಿಮಿಷ ಭ್ರಾಮರಿ ಮಾಡಿಸಬಹುದು. ಗುಂಯ್‌ಗುಡುವಾಗ ರೇಚಕ (ಉಸಿರು ಬಿಡುವುದು) ತಾನಾಗಿ ಉದ್ದವಾಗುತ್ತದೆ, ಭುಜ ಸಡಿಲಾಗುತ್ತದೆ. ಕೆಮ್ಮು ಕೆರಳಿದರೆ ನಿಲ್ಲಿಸಿ.

ಬನಶಂಕರಿ_ಫಿಸಿಯೋ
ಒಪ್ಪಿದೆ ಮೇಡಂ. ಬಲೂನಿಗೆ ಮಾತ್ರ ನನ್ನ ಓಟಿಲ್ಲ. ಮುಚ್ಚಿದ ಚೀಲಕ್ಕೆ ಬಲವಾಗಿ ಊದಿದಾಗ ಎದೆಯೊಳಗೆ ಒತ್ತಡ ಏರುತ್ತೆ. ತೀವ್ರ ನ್ಯುಮೋನಿಯಾ ಆದ ಶ್ವಾಸಕೋಶದಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಒಡೆದು ಎದೆಗೂಡಿಗೆ ಗಾಳಿ ಸೋರಬಹುದು. ಹಬೆ ಶ್ವಾಸಕೋಶದ ತನಕ ಏನೂ ಮಾಡಲ್ಲ, ಕೈ ನಡುಗುವವರ ಮುಂದೆ ಕುದಿನೀರಿನ ಪಾತ್ರೆ ಇಟ್ಟರೆ ತೊಡೆ ಸುಡುತ್ತೆ, ಅಷ್ಟೇ.

ಮೂರು ಚೆಂಡಿನ ಸ್ಪೈರೋಮೀಟರ್ ಎಲ್ಲರ ಮನೆಗೂ ಬಂದಿರುತ್ತೆ. ಅದರ ಮೇಲಿನ 600, 900, 1200 ಅನ್ನೋದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಹರೀತು ಅನ್ನೋ ವೇಗ. ಎಷ್ಟು ಗಾಳಿ ಒಳಗೆ ಹೋಯ್ತು ಅನ್ನೋ ಅಳತೆ ಅಲ್ಲ. ಮೂರೂ ಚೆಂಡು ಠಪ್ಪಂತ ಹಾರಿಸಿದರೆ ಮನೆಯವರಿಗೆ ಖುಷಿ, ಆದರೆ ಗಾಳಿ ಮೇಲ್ಭಾಗಕ್ಕಷ್ಟೇ ಹೋಗುತ್ತೆ. ಒಂದೇ ಚೆಂಡನ್ನು ಮೂರು ಸೆಕೆಂಡು ಮೇಲೆ ನಿಲ್ಲಿಸೋದು ಒಳ್ಳೇದು. ಸತತ ಐದಾರು ಸಲ ಸಾಕು, ಹೆಚ್ಚಾದರೆ ತಲೆ ತಿರುಗಿ ಬಾಯಿ ಸುತ್ತ ಜುಮ್ಮೆನ್ನುತ್ತೆ. ಎದ್ದು ನಡೆಯೋಕೆ ಶುರುವಾದ ಮೇಲೆ ಈ ಡಬ್ಬಿಯಿಂದ ಹೆಚ್ಚಿನ ಲಾಭ ಕಾಣೆ.

ಕಫ ಇದ್ದರೆ ವಿಧಾನ ಬೇರೆ. ಒಂದು ನಿಮಿಷ ಸಹಜ ಉಸಿರು. ಆಮೇಲೆ ಮೂರು ನಾಲ್ಕು ಆಳವಾದ ಉಸಿರು, ಪ್ರತಿ ಸಲ ಒಳಗೆ ಎರಡು ಮೂರು ಸೆಕೆಂಡು ನಿಲ್ಲಿಸಿ (ಕುಂಭಕದಷ್ಟು ಉದ್ದ ಅಲ್ಲ ಮೇಡಂ!). ಮತ್ತೆ ಸಹಜ ಉಸಿರು. ಕೊನೆಗೆ ಬಾಯಿ ತೆರೆದು, ಕನ್ನಡಿ ಮೇಲೆ ಮಂಜು ಹಿಡಿಸೋ ಹಾಗೆ ‘ಹಾ’ ಅಂತ ಒಂದೆರಡು ಸಲ ದಬ್ಬೋದು. ಕಫ ಗಂಟಲಿಗೆ ಬಂದ ಮೇಲಷ್ಟೇ ಕೆಮ್ಮಬೇಕು. ಮೊದಲಿಂದಲೇ ಜೋರಾಗಿ ಕೆಮ್ಮಿದರೆ ಶ್ವಾಸನಾಳ ಮುದುರಿ ಕಫ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಗಿರಿನಗರ_ಯುಪಿಎಸ್
ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡೋ ಯಂತ್ರ) ಬಾಡಿಗೆಗೆ ತರೋರು ಕರೆಂಟ್ ಲೆಕ್ಕ ಹಾಕಿಕೊಂಡು ತನ್ನಿ. ನಿಮಿಷಕ್ಕೆ 5 ಲೀಟರ್ ಕೊಡೋದು ಸುಮಾರು 350 ವಾಟ್ ಎಳೆಯುತ್ತೆ, 10 ಲೀಟರಿನದು 600ರ ಹತ್ತಿರ. 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದ್ದರೆ ಕಾಗದದ ಮೇಲೆ 1800 ವಾಟ್-ಅವರ್. ಸೋರಿಕೆ ಕಳೆದರೆ ಕೈಗೆ ಸಿಗೋದು 1200 ಇರಬಹುದು. ಅಂದರೆ 5 ಲೀಟರಿನ ಯಂತ್ರ ಮೂರು ಗಂಟೆ ಚಿಲ್ಲರೆ ಓಡುತ್ತೆ, ಅದೂ ಬ್ಯಾಟರಿ ಹೊಸದಾಗಿದ್ದು ಫ್ಯಾನು ಲೈಟು ಆರಿಸಿದ್ದರೆ. ಸೈನ್ ವೇವ್ ಇನ್ವರ್ಟರೇ ಬೇಕು, ಸ್ಕ್ವೇರ್ ವೇವ್ ಆದರೆ ಕಂಪ್ರೆಸರ್ ಗೊರಗುಟ್ಟಿ ಬಿಸಿಯಾಗುತ್ತೆ. 10 ಲೀಟರಿನದನ್ನು ಮನೆ ಇನ್ವರ್ಟರಿಗೆ ಹಾಕೋ ಯೋಚನೆ ಬಿಡಿ, ಸ್ಟಾರ್ಟ್ ಆಗೋವಾಗಲೇ ಟ್ರಿಪ್ ಆಗುತ್ತೆ.

ಅದಕ್ಕೇ ಪಕ್ಕದಲ್ಲೊಂದು ಬಿ ಟೈಪ್ ಸಿಲಿಂಡರ್ ಇರಲಿ. ತುಂಬಿದ್ದರೆ ಸುಮಾರು 1500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರುತ್ತೆ. ಹತ್ತೇ ಗಂಟೆ ಅಂತ ಎಣಿಸಿಕೊಳ್ಳಿ. ಗೇಜು ನೋಡೋದು, ಕೀಲಿ ತಿರುಗಿಸೋದು ಮನೆಯಲ್ಲಿ ಇಬ್ಬರಿಗೆ ಗೊತ್ತಿರಬೇಕು. ಕರೆಂಟ್ ಹೋದರೆ ಬೆಸ್ಕಾಂ 1912.

ಯಂತ್ರ ಗೋಡೆಯಿಂದ ಒಂದು ಅಡಿ ದೂರ ಇರಲಿ, ಪರದೆ ತಾಗಬಾರದು. ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ನಮ್ಮ ಊರಿನ ರಸ್ತೆ ಧೂಳಿಗೆ ವಾರವೂ ಹೆಚ್ಚೇ. ಆಕ್ಸಿಜನ್‌ಗೆ ತೇವ ಕೊಡೋ ಹ್ಯೂಮಿಡಿಫೈಯರ್ ಬಾಟಲಿಗೆ ಡಿಸ್ಟಿಲ್ಡ್ ವಾಟರ್, ದಿನಾ ಚೆಲ್ಲಿ ಹೊಸದು. ಬೋರ್‌ವೆಲ್ ನೀರು ಬೇಡ.

ರಾಜಾಜಿನಗರ_ಸಿಸ್ಟರ್
ಬೆಂಕಿ ಮರೆತಿರಿ ಸರ್. ದೇವರ ಮನೆ ದೀಪ, ಗ್ಯಾಸ್ ಒಲೆ, ಸಾಂಬ್ರಾಣಿ, ಸೊಳ್ಳೆಬತ್ತಿ ಎಲ್ಲದರಿಂದ ಕನಿಷ್ಠ ಮೂರು ಮೀಟರ್ ದೂರ. ಆಕ್ಸಿಜನ್ ಬಟ್ಟೆಯಲ್ಲಿ, ಹೊದಿಕೆಯಲ್ಲಿ ಕೂತಿರುತ್ತೆ, ಟ್ಯೂಬ್ ತೆಗೆದ ತಕ್ಷಣ ಒಲೆ ಮುಂದೆ ಹೋಗಬಾರದು. ಮೂಗು ಒಣಗಿತು ಅಂತ ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ನೀರಿನಂಶದ ಜೆಲ್ ಕೇಳಿ ತನ್ನಿ. ಟ್ಯೂಬ್ ಹೊಸ್ತಿಲ ಮೇಲೆ ಹಾದು ಹೋಗಿದ್ದರೆ ಯಾರಾದರೂ ಎಡವೋದು ಗ್ಯಾರಂಟಿ.

ವಿಜಯನಗರ_1998
ಸ್ನಾನಕ್ಕೆ ಹೋದರೆ ಸಾಕು, ಉಸಿರು ಕಟ್ಟುತ್ತೆ ಅಂತಾರಲ್ಲ, ಅದಕ್ಕೆ ಏನು?

ಬನಶಂಕರಿ_ಫಿಸಿಯೋ
ಕೈ ಮೇಲೆತ್ತೋದು, ಬಗ್ಗೋದು, ಆವಿ ಮೂರೂ ಸೇರೋ ಜಾಗ ಅದು. ಬಕೆಟ್ಟನ್ನು ಇನ್ನೊಂದು ಸ್ಟೂಲ್ ಮೇಲಿಡಿ, ಬಗ್ಗೋದು ತಪ್ಪುತ್ತೆ. ಕೂತು ಸ್ನಾನ, ಉಗುರುಬೆಚ್ಚಗಿನ ನೀರು, ಕಿಟಕಿ ತೆರೆದಿರಲಿ, ಚಿಲಕ ಬೇಡ. ಒರೆಸಿಕೊಳ್ಳೋ ಶ್ರಮ ಬೇಡ ಅಂದರೆ ದೊಡ್ಡ ಟವೆಲ್ ಸುತ್ತಿಕೊಂಡು ಐದು ನಿಮಿಷ ಕೂರಲಿ. ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದ್ದರೆ ಇವರಿಗೆ ಬಳಸಲೇಬೇಡಿ, ಕಾರ್ಬನ್ ಮಾನಾಕ್ಸೈಡಿನ ಅಪಾಯ ಎಲ್ಲರಿಗೂ ಇದೆ, ಇವರಿಗೆ ಇನ್ನೂ ಹೆಚ್ಚು. ಇಂಡಿಯನ್ ಕಮೋಡ್ ಮಾತ್ರ ಇರೋ ಮನೆಯಲ್ಲಿ ಮೇಲಿಡೋ ಕಮೋಡ್ ಕುರ್ಚಿ ತನ್ನಿ, ಕುಕ್ಕರಗಾಲಲ್ಲಿ ಕೂತು ಏಳೋ ಬಲ ಕೊನೆಗೆ ಬರೋದು.

ಉಸಿರು ಕಟ್ಟಿದಾಗ ಮಲಗಿಸಬೇಡಿ. ಟೇಬಲ್ ಮೇಲೆ ಎರಡು ದಿಂಬಿಟ್ಟು ಅದರ ಮೇಲೆ ಮೊಣಕೈ, ತಲೆ ಊರಿ ಮುಂದಕ್ಕೆ ಬಾಗಿ ಕೂರಲಿ. ಮೂಗಿನಲ್ಲಿ ಎರಡು ಎಣಿಸುತ್ತಾ ಒಳಕ್ಕೆ, ತುಟಿ ಚೂಪು ಮಾಡಿ ನಾಲ್ಕು ಎಣಿಸುತ್ತಾ ಹೊರಕ್ಕೆ.

ಮೆಟ್ಟಿಲಿಗೆ ಮೊದಲ ಎರಡು ವಾರ ರಜಾ ಕೊಡಿ. ಶುರು ಮಾಡುವಾಗ ಒಬ್ಬರು ಕೆಳಗಿನ ಮೆಟ್ಟಿಲ ಕಡೆ ಇರಲಿ, ತಿರುವಿನಲ್ಲಿ ಕುರ್ಚಿ ಇರಲಿ. ಹತ್ತುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಫಾಲೋಅಪ್ ದಿನ ಎರಡು ಮಹಡಿ ಇಳಿದು ಹತ್ತೋದೇ ಆ ದಿನದ ವ್ಯಾಯಾಮ, ಬೇರೇನೂ ಮಾಡಿಸಬೇಡಿ.

ನುಂಗು_ಮಾತು
ಸ್ಪೀಚ್ ಥೆರಪಿ ಕಡೆಯಿಂದ. ಗಂಟಲಿನಲ್ಲಿ ಕೆಲವು ದಿನ ಟ್ಯೂಬ್ ಇದ್ದವರಿಗೆ ನುಂಗುವ ಸಮನ್ವಯ ತಪ್ಪಿರಬಹುದು. ನೀರು ಕುಡಿದ ಕೂಡಲೇ ಕೆಮ್ಮು, ಊಟದ ನಂತರ ಧ್ವನಿ ಗುಳುಗುಳು ಅನ್ನುವುದು, ಪದೇ ಪದೇ ಜ್ವರ ಬಂದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿದೆ ಎಂದು ಅನುಮಾನಿಸಿ. ಕೆಲವರಿಗೆ ಕೆಮ್ಮೂ ಬರದೆ ಇಳಿಯುತ್ತದೆ. ಇಂಥವರಿಗೆ ನೀರು, ತಿಳಿಸಾರು, ಮಜ್ಜಿಗೆಯೇ ಹೆಚ್ಚು ಕಷ್ಟ, ತೆಳುವಾದದ್ದು ಬೇಗ ಜಾರುತ್ತದೆ. ಗಟ್ಟಿ ಗಂಜಿ ಸುಲಭ. ಅನ್ನಕ್ಕೆ ತೆಳ್ಳನೆಯ ಸಾರು ಸುರಿದು ಕೊಟ್ಟರೆ ಅಗುಳು ಅಗಿಯುವುದು, ಸಾರು ಬೇಗ ಜಾರುವುದು ಎರಡೂ ತೊಂದರೆ ಕೂಡಿದ ಊಟ. ನೆಟ್ಟಗೆ ಕೂರಿಸಿ, ಚಮಚದಲ್ಲಿ ಸಣ್ಣ ತುತ್ತು, ಸ್ಟ್ರಾ ಬೇಡ, ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ಗದ್ದ ತಗ್ಗಿಸಿ ನುಂಗುವ ಉಪಾಯ ಎಲ್ಲರಿಗೂ ಹೊಂದುವುದಿಲ್ಲ, ಪರೀಕ್ಷೆ ಮಾಡಿಸಿಯೇ ಹೇಳಿಸಿಕೊಳ್ಳಿ. ಹೆಣ್ಣೂರು ರಸ್ತೆ ಕಡೆ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ದೊಡ್ಡ ಆಸ್ಪತ್ರೆಗಳಲ್ಲೂ ನಮ್ಮವರು ಇರುತ್ತಾರೆ.

ಧ್ವನಿ ನಾಲ್ಕು ವಾರ ಕಳೆದರೂ ಗೊಗ್ಗರಾಗಿದ್ದರೆ ಇಎನ್‌ಟಿ ತೋರಿಸಿ. ಇನ್ನೊಂದು ಅಪಾಯ ಬಹಳ ಸಲ ತಪ್ಪಿಹೋಗುತ್ತದೆ: ಟ್ಯೂಬ್ ತೆಗೆದು ಕೆಲವು ವಾರಗಳ ನಂತರ, ಉಸಿರು ಒಳಗೆಳೆಯುವಾಗ ಗಂಟಲಿನ ಮಟ್ಟದಲ್ಲಿ ಸೀಟಿಯಂಥ ಸದ್ದು. ಅಸ್ತಮಾ ಅಂದುಕೊಂಡು ಇನ್‌ಹೇಲರ್ ಏರಿಸುತ್ತಾ ಹೋಗುತ್ತಾರೆ. ಟ್ಯೂಬ್ ಒತ್ತಿದ ಜಾಗದಲ್ಲಿ ಗಾಯದ ಕಲೆ ಬೆಳೆದು ಶ್ವಾಸನಾಳವೇ ಕಿರಿದಾಗಿರಬಹುದು. ಅದು ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಬಸವನಗುಡಿ_ಡಯಟ್
ಪ್ರೋಟೀನ್ ಗುರಿ ತೂಕದ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ. 60 ಕೆಜಿಗೆ 72ರಿಂದ 90. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ‘ರೋಗಿ ಊಟ’ ಅಂತ ಇಡ್ಲಿ, ಗಂಜಿ, ಬ್ರೆಡ್ಡು ಕೊಟ್ಟರೆ 35 ದಾಟೋದೇ ಕಷ್ಟ. ನಮ್ಮ ಅಡುಗೆಮನೆಯಲ್ಲೇ ಹೊಂದಿಸಿದ ಒಂದು ದಿನ (ಕೊನೆಯ ಅಂಕಿ ಪ್ರೋಟೀನಿನ ಗ್ರಾಂ): ಬೆಳಿಗ್ಗೆ ಎರಡು ಮೊಟ್ಟೆ 12, ಒಂದು ಲೋಟ ಹಾಲು 7. ಹನ್ನೊಂದಕ್ಕೆ 30 ಗ್ರಾಂ ಹುರಿಗಡಲೆ ಪುಡಿ ಮಾಡಿ ಮಜ್ಜಿಗೆಗೆ, 6. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಮುದ್ದೆ 6, 40 ಗ್ರಾಂ ಬೇಳೆಯ ಗಟ್ಟಿ ಹುಳಿ 9, ಒಂದು ಬಟ್ಟಲು ಮೊಸರು 5. ಸಂಜೆ 30 ಗ್ರಾಂ ಸೋಯಾ ಚಂಕ್ಸ್ ಪಲ್ಯ 15. ರಾತ್ರಿ ಎರಡು ಚಪಾತಿ 7, 40 ಗ್ರಾಂ ಹೆಸರುಕಾಳಿನ ಗೊಜ್ಜು 9, ಮಲಗುವ ಮುಂಚೆ ಹಾಲು 7. 80 ದಾಟಿತು. ನುಂಗೋ ತೊಂದರೆ ಇದ್ದರೆ ಮೇಲಿನವರು ಹೇಳಿದ ಹಾಗೆ ಹದ ಬದಲಿಸಿ, ಮಜ್ಜಿಗೆ ಬದಲು ಮೊಸರಿಗೇ ಕಲಸಿ. ಮೊಟ್ಟೆ ತಿನ್ನದವರಿಗೆ 70 ಗ್ರಾಂ ಪನೀರ್.

ಹೊಟ್ಟೆ ತುಂಬಾ ತಿಂದರೆ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲೆ ಒತ್ತಿ ಉಸಿರು ಕಷ್ಟ, ಆರು ಸಣ್ಣ ಊಟ ಮಾಡಿ. ಸ್ಟೀರಾಯ್ಡ್ ನಡೀತಿದ್ದರೆ ಶುಗರ್ ಹೆಚ್ಚು ಏರೋದು ಮಧ್ಯಾಹ್ನದ ಮೇಲೆ. ಬೆಳಗಿನ ಖಾಲಿ ಹೊಟ್ಟೆಯದ್ದಷ್ಟೇ ನೋಡಿ ‘ನಾರ್ಮಲ್’ ಅನ್ನಬೇಡಿ.

ರಾಜಾಜಿನಗರ_ಸಿಸ್ಟರ್
ಸ್ಟೀರಾಯ್ಡ್ ಮಾತು ಬಂತಲ್ಲ. ಮಾತ್ರೆ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ, ಸಂಜೆ ಕೊಟ್ಟರೆ ರಾತ್ರಿಯಿಡೀ ಎಚ್ಚರ. ಮೂರು ವಾರಕ್ಕಿಂತ ಹೆಚ್ಚು ತಗೊಂಡಿದ್ದರೆ ತಾವಾಗಿ ನಿಲ್ಲಿಸಬೇಡಿ, ದೇಹ ತನ್ನದೇ ಸ್ಟೀರಾಯ್ಡ್ ಮಾಡೋದನ್ನು ನಿಲ್ಲಿಸಿರುತ್ತೆ. ಎಷ್ಟೋ ತಿಂಗಳಾದ ಮೇಲೆ ತೊಡೆಸಂದಿಯಲ್ಲಿ ನೋವು ಬಂದರೆ ವಯಸ್ಸಾಯ್ತು ಅನ್ನಬೇಡಿ. ಸ್ಟೀರಾಯ್ಡಿನಿಂದ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯೋದು ನಿಂತಿರಬಹುದು, ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣಲ್ಲ, ಎಂಆರ್‌ಐನಲ್ಲಿ ಕಾಣುತ್ತೆ.

ಎರಡು ಮೂರು ತಿಂಗಳಿಗೆ ಕೂದಲು ಗೊಂಚಲಾಗಿ ಉದುರುತ್ತೆ. ಅದು ಮತ್ತೆ ಬರುತ್ತೆ, ಎಣ್ಣೆಗೆ ದುಡ್ಡು ಸುರೀಬೇಡಿ.

ಹೊಸೂರುರಸ್ತೆ_ಮನಸ್ಸು
ನಿದ್ದೆಯ ಪ್ರಶ್ನೆಗೆ ಯಾರೂ ಬಂದಿಲ್ಲ, ನಾನು ಹೇಳುತ್ತೇನೆ. ಐಸಿಯು ನಂತರ ದೇಹ, ಮನಸ್ಸು, ನೆನಪು ಮೂರಕ್ಕೂ ತಗಲುವ ತೊಂದರೆಗಳ ಗುಂಪಿಗೆ ವೈದ್ಯರು 2012ರಲ್ಲಿ ಒಂದೇ ಹೆಸರಿಟ್ಟರು: ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್. ಅರಿವಳಿಕೆ ಮದ್ದು, ಸೋಂಕು, ಹಗಲುರಾತ್ರಿ ಉರಿಯುವ ದೀಪ ಸೇರಿ ಅಲ್ಲಿ ಸನ್ನಿ ಹಿಡಿಯುವುದು ಬಹಳ ಸಾಮಾನ್ಯ. ನರ್ಸು ವಿಷ ಹಾಕಿದರು, ಹಾಸಿಗೆ ರೈಲಿನಲ್ಲಿತ್ತು, ಮನೆಯವರು ಬಿಟ್ಟುಹೋದರು ಎಂಬಂಥ ‘ನೆನಪು’ಗಳು ನಿಜವಾದ ನೆನಪಿಗಿಂತ ಗಟ್ಟಿಯಾಗಿ ಕೂತಿರುತ್ತವೆ. ಹುಚ್ಚು ಅಂದುಕೊಂಡಾರು ಎಂದು ರೋಗಿ ಬಾಯಿ ಬಿಡುವುದಿಲ್ಲ. ‘ಅಲ್ಲಿದ್ದಾಗ ವಿಚಿತ್ರವಾಗಿ ಏನಾದರೂ ಕಂಡಿತ್ತಾ? ತುಂಬಾ ಜನಕ್ಕೆ ಕಾಣುತ್ತಂತೆ’ ಎಂದು ಮನೆಯವರೇ ಕೇಳಿ. ‘ಅದೆಲ್ಲ ಮರೆತುಬಿಡಿ’ ಅನ್ನಬೇಡಿ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಕಿನ ಪ್ರಕಾರ ನಡೆದದ್ದನ್ನು ಬರೆದುಕೊಡಿ: ಯಾವ ದಿನ ಟ್ಯೂಬ್ ಹಾಕಿದರು, ಯಾವ ದಿನ ತೆಗೆದರು, ಕೈ ಯಾಕೆ ಕಟ್ಟಿದ್ದರು, ಯಾರು ಬಂದು ನೋಡಿದರು. ಓದಲು ಒತ್ತಾಯ ಬೇಡ, ಕೈಗೆ ಸಿಗುವ ಹಾಗೆ ಇಟ್ಟಿರಿ.

ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಕೊಡುವುದು ದೊಡ್ಡ ತಪ್ಪು. ಅಲ್ಪ್ರಜೋಲಾಮ್ ಜಾತಿಯವು ಉಸಿರಾಟದ ವೇಗ ತಗ್ಗಿಸುತ್ತವೆ, ಗೊಂದಲ ಹೆಚ್ಚಿಸುತ್ತವೆ. ಬೆಳಿಗ್ಗೆ ಅರ್ಧ ಗಂಟೆ ಬಾಲ್ಕನಿ ಬಿಸಿಲು, ಹಗಲು ಒಂದೇ ನಿದ್ದೆ, ಅದೂ ಮುಕ್ಕಾಲು ಗಂಟೆಯೊಳಗೆ, ರಾತ್ರಿ ಸಣ್ಣ ದೀಪ ಮತ್ತು ಎದುರಿಗೆ ಕಾಣುವ ಗಡಿಯಾರ. ಕತ್ತಲಲ್ಲಿ ಎಚ್ಚರವಾದಾಗ ತಾನೆಲ್ಲಿದ್ದೇನೆ ಎಂದು ತಿಳಿಯಲು ಗಡಿಯಾರ ಬೇಕು.

ಆಕ್ಸಿಮೀಟರನ್ನು ಬೆರಳಿನಿಂದ ತೆಗೆಯದವರೂ ಇದ್ದಾರೆ. ಗಾಬರಿಯಾದರೆ ಉಸಿರು ಜೋರಾಗುತ್ತದೆ, ಜೋರಾದದ್ದು ನೋಡಿ ಗಾಬರಿ ಏರುತ್ತದೆ. ದಿನಕ್ಕೆ ಮೂರು ಹೊತ್ತು, ವ್ಯಾಯಾಮದ ಮೊದಲು ಮತ್ತು ನಂತರ ಸಾಕು. ನಡುವೆ ಗಾಬರಿಯಾದರೆ ಒಮ್ಮೆ ನೋಡಿ, ಅಂಕಿ ಸರಿಯಿದ್ದರೆ ಯಂತ್ರವನ್ನು ಬೇರೆ ಕೋಣೆಗೆ ಒಯ್ಯಿರಿ.

ಒಂದು ತಿಂಗಳ ನಂತರವೂ ದುಃಸ್ವಪ್ನ, ಆಂಬುಲೆನ್ಸ್ ಸದ್ದಿಗೆ ಬೆವರು, ಫಾಲೋಅಪ್ ಬೇಡ ಎಂಬ ಹಠ ಇದ್ದರೆ ಮನೋವೈದ್ಯರ ಬಳಿ ಹೋಗಿ. ಸಾಯುವ ಮಾತಾಡಿದರೆ ತಿಂಗಳು ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ನಿಮ್ಹಾನ್ಸ್ ಒಪಿಡಿ ಹೊಸೂರು ರಸ್ತೆಯಲ್ಲೇ ಇದೆ. ನೋಡಿಕೊಳ್ಳುವ ಹೆಂಡತಿ, ಮಗಳಿಗೂ ಇದೇ ಲಕ್ಷಣಗಳು ಬರಬಹುದು. ಅವರೂ ಫೋನ್ ಮಾಡಬಹುದು.

ಇನ್ನೊಂದು, ಬೆಂಗಳೂರಿನವರಿಗೆ ಹೇಳಲೇಬೇಕು. ಗಮನ ಮತ್ತು ಲೆಕ್ಕ ಕೆಲವು ತಿಂಗಳು ಮಂದವಾಗಿರಬಹುದು. ಒಟಿಪಿ ಕೇಳುವ ಫೋನು, ಆಸ್ತಿ ಪತ್ರದ ಸಹಿ, ಸ್ಕೂಟರ್ ಮೂರರಿಂದಲೂ ಅಲ್ಲಿಯವರೆಗೆ ದೂರ ಇಡಿ.

ಕತ್ರಿಗುಪ್ಪೆ_ಎರಡನೇಮಹಡಿ
ಬಹಳ ಉಪಕಾರ. ಒಂದು ದಿನ ಚೆನ್ನಾಗಿ ನಡೆದು, ಮಾರನೇ ದಿನ ಹಾಸಿಗೆ ಬಿಟ್ಟು ಏಳದಿದ್ದರೆ ಸೋಮಾರಿತನವೋ, ಕಾಯಿಲೆಯೋ? ಲಾಲ್‌ಬಾಗ್‌ಗೆ ಯಾವಾಗ ಕರೆದೊಯ್ಯಬಹುದು?

ಬನಶಂಕರಿ_ಫಿಸಿಯೋ
ಸೋಮಾರಿತನ ಅಲ್ಲ. ಶ್ರಮ ಆದ 24ರಿಂದ 72 ಗಂಟೆ ಒಳಗೆ ಸುಸ್ತು, ಮೈಕೈ ನೋವು, ತಲೆ ಮಂಕು ಒಟ್ಟಿಗೆ ಬಂದರೆ ಆ ಪ್ರಮಾಣ ಹೆಚ್ಚಾಯ್ತು ಅಂತ. ವೈರಲ್ ಕಾಯಿಲೆ ಆದವರಲ್ಲಿ ಇದು ಹೆಚ್ಚು. ಅರ್ಧಕ್ಕೆ ಇಳಿಸಿ, ಒಂದು ವಾರ ಅಲ್ಲೇ ನಿಲ್ಲಿಸಿ. ‘ತಡ್ಕೊಂಡು ಮಾಡಿ’ ಅಂತ ಇಂಥವರನ್ನು ದೂಡಿದರೆ ಹಿಂದಕ್ಕೆ ಹೋಗ್ತಾರೆ. ಬರೀ ಕಾಲು ನೋವು ಒಂದೆರಡು ದಿನ ಇದ್ದು ಹೋದರೆ ಅದು ವ್ಯಾಯಾಮದ ನೋವು, ಮುಂದುವರಿಸಿ. ನಿಂತರೆ ನಾಡಿ 30ಕ್ಕಿಂತ ಹೆಚ್ಚು ಏರಿ ತಲೆ ಹಗುರಾದರೆ ಬೇರೆ ತೊಂದರೆ, ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಪಾರ್ಕಿಗೆ: ಮನೆಯೊಳಗೆ ಹತ್ತು ನಿಮಿಷ ನಿಲ್ಲದೆ ನಡೆದಾಗ 90ಕ್ಕಿಂತ ಮೇಲೆ ಉಳಿದರೆ ಹೋಗಬಹುದು. ಲಾಲ್‌ಬಾಗ್‌ನಲ್ಲಿ ಗಾಜಿನಮನೆ ಕಡೆಯ ಸಮತಟ್ಟು ದಾರಿ, ಬಂಡೆ ಮೇಲಿನ ಕೆಂಪೇಗೌಡ ಗೋಪುರದ ಕಡೆ ಬೇಡ. ಡಿಸೆಂಬರ್, ಜನವರಿಯ ಮಂಜಿನ ಮುಂಜಾವು ಬಿಟ್ಟು ಬಿಸಿಲೇರಿದ ಮೇಲೆ ಹೋಗಿ. ಮಡಚೋ ಸ್ಟೂಲ್ ಒಯ್ಯಿರಿ, ಬೆಂಚು ಬೇಕಾದ ಕಡೆ ಇರಲ್ಲ. ಫುಟ್‌ಪಾತ್ ಮೇಲೆ ಮಾತ್ರ ವಾಕಿಂಗ್ ಬೇಡ, ಎತ್ತಿದ ಚಪ್ಪಡಿಗೆ ಎಡವೋ ಕಾಲು ಅವು.

ಮನೆಗೆ ಬಂದು ಮಾಡಿಸೋರು ಸಿಗದಿದ್ದರೆ ಪಲ್ಮನರಿ ರಿಹ್ಯಾಬ್ (ಶ್ವಾಸಕೋಶದ ತೊಂದರೆ ಇರೋರಿಗೆ ವ್ಯಾಯಾಮ ಮಾಡಿಸೋ ಚಿಕಿತ್ಸೆ) ಇರೋ ಆಸ್ಪತ್ರೆ ಕೇಳಿ. 6ರಿಂದ 8 ವಾರ, ವಾರಕ್ಕೆ ಎರಡು ಸಲವಾದರೂ ಇರಬೇಕು. ನಿಮ್ಹಾನ್ಸ್ ಹತ್ತಿರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರಿಯದು, ಅಲ್ಲೂ ವಿಚಾರಿಸಿ.

ವಿಜಯನಗರ_1998
ಬಾಲ್ಕನಿ ಬಿಸಿಲು ಅಂದ್ರಿ. ಅಪಾರ್ಟ್‌ಮೆಂಟ್ ಬಾಲ್ಕನಿ ತುಂಬಾ ಪಾರಿವಾಳ.

ರಾಜಾಜಿನಗರ_ಸಿಸ್ಟರ್
ಹಾಗಾದರೆ ಆ ಬಾಲ್ಕನಿಗೆ ಬಿಡಬೇಡಿ. ಒಣಗಿದ ಹಿಕ್ಕೆ, ರೆಕ್ಕೆಯ ಧೂಳಿಗೆ ಶ್ವಾಸಕೋಶದಲ್ಲಿ ಅಲರ್ಜಿ ಉರಿಯೂತ ಬರುತ್ತೆ, ಅದು ಬೇರೆಯದೇ ಕಾಯಿಲೆ. ಬೇರೆಯವರು ಮಾಸ್ಕ್ ಹಾಕಿ, ನೀರು ಚಿಮುಕಿಸಿ ನೆನೆಸಿ ತೆಗೀಲಿ, ಒಣ ಪೊರಕೆ ಬೇಡ. ಆಮೇಲೆ ಬಲೆ ಕಟ್ಟಿಸಿ.

ಫಾಲೋಅಪ್ಪಿಗೆ ಹೋಗುವಾಗ ಡಿಸ್ಚಾರ್ಜ್ ಚೀಟಿ, ಹಳೇ ಸಿಟಿ ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿ (ಬರೀ ರಿಪೋರ್ಟ್ ಸಾಲದು), ಸ್ಯಾಚುರೇಶನ್ ಬರೆದ ಪುಸ್ತಕ, ತೂಕ ಒಯ್ಯಿರಿ. ನಾಲ್ಕರಿಂದ ಆರು ವಾರಕ್ಕೆ ಒಂದು ಭೇಟಿ, ಹನ್ನೆರಡು ವಾರಕ್ಕೆ ಎಕ್ಸ್‌ರೇ, ಉಸಿರಾಟದ ಪೂರ್ಣ ಪರೀಕ್ಷೆ. ಅದರಲ್ಲಿ ಡಿಎಲ್‌ಸಿಓ (ಶ್ವಾಸಕೋಶದಿಂದ ಅನಿಲ ರಕ್ತಕ್ಕೆ ಎಷ್ಟು ದಾಟುತ್ತೆ ಅನ್ನೋ ಪರೀಕ್ಷೆ) ಇದೆಯಾ ಕೇಳಿ, ಬರೀ ಊದಿ ನೋಡೋ ಸ್ಪೈರೋಮೆಟ್ರಿ ನಾರ್ಮಲ್ ಬಂದರೂ ಆಕ್ಸಿಜನ್ ರಕ್ತಕ್ಕೆ ದಾಟೋದು ಕಡಿಮೆ ಇರಬಹುದು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆ ಯಾವಾಗ ಅಂತಲೂ ಅವತ್ತೇ ಕೇಳಿ. ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು ಮುಂದುವರಿದರೆ ಕಫ ಕೊಟ್ಟು ಟಿಬಿ ಪರೀಕ್ಷೆ ಮಾಡಿಸಿ.

ಕೂತಲ್ಲೇ 92ಕ್ಕಿಂತ ಕೆಳಗೆ ಉಳಿದರೆ (ಡಾಕ್ಟರು ಬೇರೆ ಗುರಿ ಕೊಟ್ಟಿಲ್ಲದಿದ್ದರೆ), ಕೂತಲ್ಲೇ ನಾಡಿ 120 ದಾಟಿದರೆ, ಕಫದಲ್ಲಿ ರಕ್ತ, ಒಂದೇ ಮೀನಖಂಡ ಊದಿ ನೋವು, ಹೊಸದಾಗಿ ಎದೆ ನೋವು, ಮಾತು ತೊದಲು ಅಥವಾ ಮಂಪರು ಕಂಡರೆ ಫಾಲೋಅಪ್ ದಿನ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎರಡನೇ ಮಹಡಿ, ಲಿಫ್ಟ್ ಇಲ್ಲ ಅಂತ ಫೋನಿನಲ್ಲೇ ಹೇಳಿ.